ಒಪ್ಪಂದದಲ್ಲಿ ಇದೆ, ಕೋರ್ಟಿನಲ್ಲಿ ಸಿಗುತ್ತದಾ?

(ಕಾನೂನು ವಿದ್ಯಾರ್ಥಿಗಳು ಮತ್ತು ಕಿರಿಯ ವಕೀಲರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೇರವಾಗಿ ಒಂದು ಪ್ರಕರಣದಿಂದಲೇ ಶುರು ಮಾಡುತ್ತೇನೆ. ಇದು ಸ್ಪೇನ್ ದೇಶದ್ದು. ಗಂಡನ ಹಿಂಸೆ ತಾಳಲಾರದೆ ಒಬ್ಬ ತಾಯಿ 1999ರಲ್ಲಿ ಮಗಳನ್ನು ಕರೆದುಕೊಂಡು ಮನೆ ಬಿಟ್ಟರು. ಆಮೇಲೂ ಆತ ಸುಮ್ಮನಿರಲಿಲ್ಲ. ಆಕೆ ಮೂವತ್ತಕ್ಕೂ ಹೆಚ್ಚು ದೂರು ಕೊಟ್ಟರು. ಮಗಳನ್ನು ಅಪ್ಪನ ಜೊತೆ ಒಂಟಿಯಾಗಿ ಬಿಡಬೇಡಿ ಎಂದು ಕೇಳಿಕೊಂಡರು. ಕೋರ್ಟು ಒಪ್ಪಲಿಲ್ಲ, ಯಾರೂ ಜೊತೆಗಿಲ್ಲದ ಭೇಟಿಗೆ ಅವಕಾಶ ಕೊಟ್ಟಿತು. 2003ರ ಏಪ್ರಿಲ್‌ನಲ್ಲಿ ಅಂಥದೊಂದು ಭೇಟಿಯ ದಿನ ಆತ ಏಳು ವರ್ಷದ ಮಗಳನ್ನು ಕೊಂದು ತಾನೂ ಸತ್ತ.

ತಾಯಿ ಸರ್ಕಾರದ ಮೇಲೆ ದಾವೆ ಹೂಡಿದರು. ನಿಮ್ಮ ಅಧಿಕಾರಿಗಳು ನನ್ನ ಮಾತು ಕೇಳಿದ್ದರೆ ಮಗು ಬದುಕಿರುತ್ತಿತ್ತು ಎಂಬುದೇ ಅವರ ವಾದ. ದೇಶದ ಕೋರ್ಟುಗಳನ್ನೆಲ್ಲ ಹತ್ತಿ ಇಳಿದರು. ಎಲ್ಲೂ ಗೆಲ್ಲಲಿಲ್ಲ. ಕೊನೆಗೆ ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಒಪ್ಪಂದ, ಅಂದರೆ ನಾವು ಸೀಡಾ ಎನ್ನುವುದು, ಅದರ ಸಮಿತಿಗೆ ದೂರು ಹೋಯಿತು. 2014ರಲ್ಲಿ ಸಮಿತಿ ತಾಯಿಯ ಪರವಾಗಿ ಹೇಳಿತು, ಪರಿಹಾರ ಕೊಡಿ ಎಂದಿತು. ಸ್ಪೇನ್ ಸರ್ಕಾರ ಕೊಡಲಿಲ್ಲ. ಸಮಿತಿಯ ಅಭಿಪ್ರಾಯ ನಮ್ಮನ್ನು ಕಟ್ಟಿಹಾಕುವುದಿಲ್ಲ ಎಂದಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಎಷ್ಟೋ ಪ್ರಕರಣಗಳು ಇಲ್ಲೇ ಮುಗಿಯುತ್ತವೆ. ಈ ತಾಯಿ ಮತ್ತೆ ತನ್ನ ದೇಶದ ಕೋರ್ಟಿಗೇ ಬಂದರು. 2018ರ ಜುಲೈನಲ್ಲಿ ಸ್ಪೇನ್‌ನ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಒಪ್ಪಂದಕ್ಕೂ ಅದರ ದೂರು ವ್ಯವಸ್ಥೆಗೂ ನೀವೇ ಸೇರಿದ್ದೀರಿ, ಹಾಗಾಗಿ ಸಮಿತಿಯ ತೀರ್ಮಾನಕ್ಕೆ ನೀವು ಬದ್ಧರು. ಆಕೆಗೆ ಆರು ಲಕ್ಷ ಯೂರೋ ಪರಿಹಾರ ಕೊಡಿ ಎಂದು ಆದೇಶಿಸಿತು. ಮಗು ಸತ್ತು ಹದಿನೈದು ವರ್ಷ ಆಗಿತ್ತು.

ಈ ಪ್ರಕರಣವನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಅಂತರರಾಷ್ಟ್ರೀಯ ಮಾನವ ಹಕ್ಕು ಅಂದ ಕೂಡಲೇ ನಮ್ಮ ತಲೆಯಲ್ಲಿ ವಿಶ್ವಸಂಸ್ಥೆಯ ಸಮಿತಿಗಳು ಸೇರುವ ಜಿನೀವಾ, ಅಂತರರಾಷ್ಟ್ರೀಯ ನ್ಯಾಯಾಲಯ ಇರುವ ಹೇಗ್ ಬರುತ್ತವೆ. ಆದರೆ ಅಲ್ಲಿ ಹೇಳಿದ ಮಾತು ಒಬ್ಬ ಮನುಷ್ಯನ ಕೈಗೆ ಏನಾದರೂ ತಂದುಕೊಡಬೇಕಾದರೆ ಅದು ಆ ಮನುಷ್ಯನ ದೇಶದ ಕೋರ್ಟಿನ ಮೂಲಕವೇ ಬರಬೇಕು. ಹಣ ಬಿಡುಗಡೆ ಮಾಡಿಸುವುದು, ಜೈಲಿನ ಬಾಗಿಲು ತೆಗೆಸುವುದು, ಕಾನೂನನ್ನು ರದ್ದು ಮಾಡುವುದು, ಇದೆಲ್ಲ ಅಲ್ಲೇ ಆಗುವುದು. ಅದಕ್ಕೇ ನನ್ನದೊಂದು ಅಭ್ಯಾಸವಿದೆ. ಒಪ್ಪಂದಗಳನ್ನು ಉಲ್ಲೇಖಿಸಿದ ತೀರ್ಪು ಕೈಗೆ ಸಿಕ್ಕರೆ ಮೊದಲು ಕೊನೆಯ ಪುಟ ತೆಗೆಯುತ್ತೇನೆ. ಕೋರ್ಟು ಏನು ಆದೇಶ ಮಾಡಿತು? ಅರ್ಜಿ ಹಾಕಿದವರಿಗೆ ಏನು ಸಿಕ್ಕಿತು? ಒಳಗಿನ ಐವತ್ತು ಪುಟಗಳಲ್ಲಿ ಎಷ್ಟೇ ಒಪ್ಪಂದಗಳ ಹೆಸರಿದ್ದರೂ, ಕೊನೆಯಲ್ಲಿ ‘ಅರ್ಜಿ ವಜಾ’ ಎಂದಿದ್ದರೆ ಅದು ಮೂಗಿಗೆ ತುಪ್ಪ ಸವರಿದ ಹಾಗೆ.

ಪಠ್ಯದಲ್ಲಿ ನೀವು ಎರಡು ಬಗೆಯ ದೇಶಗಳ ಬಗ್ಗೆ ಓದಿರುತ್ತೀರಿ. ಕೆಲವು ದೇಶಗಳಲ್ಲಿ ಒಪ್ಪಂದಕ್ಕೆ ಸೇರಿದರೆ ಸಾಕು, ಅದು ನೇರವಾಗಿ ದೇಶದ ಕಾನೂನಾಗುತ್ತದೆ. ಇನ್ನು ಕೆಲವು ಕಡೆ ಸಂಸತ್ತು ಬೇರೆ ಕಾನೂನು ಮಾಡಬೇಕು. ಭಾರತ, ಬ್ರಿಟನ್ ಎರಡನೇ ಬಗೆಯವು. ನೆದರ್ಲೆಂಡ್ಸ್ ಮೊದಲನೆಯದು. ಅಲ್ಲಿನ ಸಂವಿಧಾನದ 94ನೇ ವಿಧಿಯ ಪ್ರಕಾರ, ಎಲ್ಲರಿಗೂ ಅನ್ವಯಿಸುವ ಒಪ್ಪಂದದ ನಿಯಮಕ್ಕೆ ದೇಶದ ಕಾನೂನು ವಿರುದ್ಧವಾಗಿದ್ದರೆ ಆ ಕಾನೂನು ನಿಲ್ಲುವುದಿಲ್ಲ. ಯುರೋಪಿನ ಮಾನವ ಹಕ್ಕು ಒಪ್ಪಂದದ ಎರಡು ವಿಧಿಗಳನ್ನು ಹಿಡಿದುಕೊಂಡು ಅಲ್ಲಿನ ಸುಪ್ರೀಂ ಕೋರ್ಟ್ 2019ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೇ ಗುರಿ ಕೊಟ್ಟಿತು. 1990ಕ್ಕೆ ಹೋಲಿಸಿದರೆ 2020ರ ಕೊನೆಗೆ ಹಸಿರುಮನೆ ಅನಿಲ ಕನಿಷ್ಠ ಶೇ. 25ರಷ್ಟು ಕಡಿಮೆಯಾಗಬೇಕು ಎಂದಿತು.

ಪರೀಕ್ಷೆಗೆ ಈ ವಿಂಗಡಣೆ ಬೇಕು, ಓದಿಕೊಳ್ಳಿ. ಆದರೆ ಅದನ್ನು ಜಾಸ್ತಿ ನಂಬಬೇಡಿ. ಅಮೆರಿಕದ ಸಂವಿಧಾನ ಒಪ್ಪಂದಗಳನ್ನು ದೇಶದ ಪರಮೋಚ್ಚ ಕಾನೂನು ಎನ್ನುತ್ತದೆ. ಬಂಧನಕ್ಕೆ ಒಳಗಾದ ವಿದೇಶಿಯರಿಗೆ ತಮ್ಮ ದೂತಾವಾಸವನ್ನು ಸಂಪರ್ಕಿಸುವ ಹಕ್ಕಿದೆ ಎಂದು ಪೊಲೀಸರು ಹೇಳಬೇಕು. ಇದು ಆ ದೇಶ ಸೇರಿದ್ದ ಒಪ್ಪಂದದಲ್ಲೇ ಇದೆ. ಮೆಕ್ಸಿಕೋದ 51 ಜನರ ವಿಷಯದಲ್ಲಿ ಈ ಹಕ್ಕಿಗೆ ಭಂಗವಾಗಿದೆ, ಪ್ರಕರಣಗಳನ್ನು ಮರುಪರಿಶೀಲಿಸಿ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2004ರಲ್ಲಿ ಹೇಳಿತು. ಅಮೆರಿಕದ ಸುಪ್ರೀಂ ಕೋರ್ಟ್ 2008ರ ಮಾರ್ಚ್‌ನಲ್ಲಿ, ಸಂಸತ್ತು ಕಾನೂನು ಮಾಡದ ಹೊರತು ಈ ತೀರ್ಪು ನಮ್ಮ ಕೋರ್ಟುಗಳಲ್ಲಿ ಜಾರಿಯಾಗುವುದಿಲ್ಲ ಎಂದಿತು. ಮೆಡೆಲಿನ್ ಪ್ರಕರಣ ಅಂತ ಹುಡುಕಿದರೆ ಸಿಗುತ್ತದೆ. ಅದೇ ವರ್ಷ ಆಗಸ್ಟ್‌ನಲ್ಲಿ ಆ 51 ಜನರಲ್ಲಿ ಒಬ್ಬನಾಗಿದ್ದ ಅರ್ಜಿದಾರ ಮೆಡೆಲಿನ್‌ಗೆ ಮರಣದಂಡನೆ ಜಾರಿಯಾಯಿತು, ವಿಷದ ಚುಚ್ಚುಮದ್ದು ಕೊಟ್ಟು. ಅವನ ಅಪರಾಧ ಘೋರವಾದದ್ದೇ. ಆದರೂ ಸಂವಿಧಾನದಲ್ಲಿ ಪರಮೋಚ್ಚ ಎಂದು ಬರೆದಿದ್ದು ಕೊನೆಯ ಪುಟಕ್ಕೆ ಬಂದಾಗ ಕೆಲಸ ಮಾಡಲಿಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ಒಪ್ಪಂದ ಕಾನೂನೇ ಆಗದ ದೇಶದಲ್ಲಿ ಅದು ದೊಡ್ಡ ಕೆಲಸ ಮಾಡಿಬಿಡುತ್ತದೆ. ಬೋಟ್ಸ್ವಾನದ ಯೂನಿಟಿ ಡೌ ವಕೀಲೆ. ಅಮೆರಿಕದವರನ್ನು ಮದುವೆಯಾಗಿದ್ದರು. ಅವರ ಮೊದಲ ಮಗು ಮದುವೆಗೆ ಮೊದಲೇ, 1979ರಲ್ಲಿ ಹುಟ್ಟಿದ್ದು. ಇನ್ನಿಬ್ಬರು ಮದುವೆಯ ನಂತರ, 1985 ಮತ್ತು 1987ರಲ್ಲಿ. 1984ರ ಪೌರತ್ವ ಕಾನೂನಿನ ಪ್ರಕಾರ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ಅಪ್ಪನ ಪೌರತ್ವ. ಹಾಗಾಗಿ ಒಂದೇ ಮನೆಯಲ್ಲಿ, ಒಬ್ಬಳೇ ತಾಯಿಯ ಮಕ್ಕಳಲ್ಲಿ, ದೊಡ್ಡ ಮಗು ದೇಶದ ಪ್ರಜೆ, ಚಿಕ್ಕವರಿಬ್ಬರು ಪರದೇಶಿಗಳು. ಇದೇ ತಾಯಿಯ ಬದಲು ತಂದೆ ಬೋಟ್ಸ್ವಾನದವರಾಗಿದ್ದರೆ ಮೂವರೂ ಪ್ರಜೆಗಳೇ.

ಸರ್ಕಾರದ ವಾದ ಗಟ್ಟಿಯಾಗಿಯೇ ಇತ್ತು. ಸಂವಿಧಾನದ 15ನೇ ಸೆಕ್ಷನ್ ತಾರತಮ್ಯ ಎಂದರೇನು ಎಂದು ಪಟ್ಟಿ ಮಾಡುತ್ತದೆ, ಅದರಲ್ಲಿ ಜನಾಂಗ ಇದೆ, ಬಣ್ಣ ಇದೆ, ಧರ್ಮ ಇದೆ, ಲಿಂಗ ಇಲ್ಲ. ಬೇಕಂತಲೇ ಬಿಟ್ಟಿದ್ದಾರೆ ಎಂದರು. ಕೋರ್ಟು ಏನು ಮಾಡಿತು? ಸಂವಿಧಾನದ 3ನೇ ಸೆಕ್ಷನ್‌ನಲ್ಲಿ ಪ್ರತಿಯೊಬ್ಬರಿಗೂ, ಯಾವುದೇ ಲಿಂಗದವರಾದರೂ, ಹಕ್ಕುಗಳಿವೆ ಎಂದಿದೆ. ಇವೆರಡನ್ನೂ ಹೇಗೆ ಕೂಡಿಸಿ ಓದುವುದು ಎಂಬ ಪ್ರಶ್ನೆಗೆ ದೇಶ ಸೇರಿಕೊಂಡಿದ್ದ ಆಫ್ರಿಕಾದ ಮಾನವ ಹಕ್ಕು ಸನ್ನದು ದಾರಿ ತೋರಿಸಿತು. ಆ ಸನ್ನದು ಅಲ್ಲಿ ಕಾನೂನಾಗಿರಲಿಲ್ಲ. ಆದರೂ, ಅಂತರರಾಷ್ಟ್ರೀಯವಾಗಿ ಕೊಟ್ಟ ಮಾತನ್ನು ಮುರಿಯುವ ಉದ್ದೇಶ ಸಂಸತ್ತಿಗಿತ್ತು ಎಂದು ಸುಮ್ನೆ ಊಹಿಸಲಾಗದು ಎಂಬುದು ಕೋರ್ಟಿನ ನಿಲುವು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಮೂರು–ಎರಡರ ಬಹುಮತದಲ್ಲಿ ಯೂನಿಟಿ ಡೌ ಪರ ತೀರ್ಪು ಕೊಟ್ಟಿತು. 1995ರಲ್ಲಿ ಪೌರತ್ವ ಕಾನೂನು ತಿದ್ದುಪಡಿಯಾಯಿತು. ಅರ್ಜಿದಾರರು 1998ರಲ್ಲಿ ಅದೇ ದೇಶದ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು.

ಕಾನೂನಾಗದ ಒಪ್ಪಂದವನ್ನು ಹೀಗೆ ಅರ್ಥೈಸುವ ಕೆಲಸಕ್ಕೆ ಬಳಸಬಹುದು ಎಂಬ ಮಾತು ಸ್ಪಷ್ಟವಾಗಿ ದಾಖಲಾದದ್ದು 1988ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ. ಕಾಮನ್‌ವೆಲ್ತ್ ದೇಶಗಳ ನ್ಯಾಯಮೂರ್ತಿಗಳು ಅಲ್ಲಿ ಸೇರಿದ್ದರು. ಪಿ.ಎನ್. ಭಗವತಿ ಅಧ್ಯಕ್ಷತೆ ವಹಿಸಿದ್ದರು, ಆಸ್ಟ್ರೇಲಿಯಾದ ಮೈಕೆಲ್ ಕಿರ್ಬಿ ಇದ್ದರು, ಅಮೆರಿಕದಿಂದ ರೂತ್ ಬೇಡರ್ ಗಿನ್ಸ್‌ಬರ್ಗ್ ಬಂದಿದ್ದರು. ‘ಬೆಂಗಳೂರು ತತ್ವಗಳು’ ಎಂದು ಜಗತ್ತಿನ ಕಾನೂನು ಬರಹಗಳಲ್ಲಿ ಅವರು ಅಲ್ಲಿ ಒಪ್ಪಿದ ಮಾತುಗಳಿಗೆ ಇವತ್ತಿಗೂ ಹೆಸರಿದೆ. ಸಾರಾಂಶ ಸರಳ. ದೇಶದ ಕಾನೂನು ಅಸ್ಪಷ್ಟವಾಗಿದ್ದರೆ, ಅಪೂರ್ಣವಾಗಿದ್ದರೆ, ಅದನ್ನು ಒಪ್ಪಂದಕ್ಕೆ ಹೊಂದುವಂತೆ ಓದಿ. ಕಾನೂನು ಸ್ಪಷ್ಟವಾಗಿ ಒಪ್ಪಂದಕ್ಕೆ ವಿರುದ್ಧವಾಗಿದ್ದರೆ ಕಾನೂನನ್ನೇ ಪಾಲಿಸಿ, ಆದರೆ ಈ ವಿರೋಧವನ್ನು ಸಂಬಂಧಪಟ್ಟವರ ಗಮನಕ್ಕೆ ತನ್ನಿ.

ಭಾರತದಲ್ಲಿ ಈ ದಾರಿ ಅದಕ್ಕೂ ಮೊದಲೇ ಶುರುವಾಗಿತ್ತು. 1976ರ ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯ ನಡುವೆ, ಎಡಿಎಂ ಜಬಲ್ಪುರ ಪ್ರಕರಣದಲ್ಲಿ ನಾಲ್ವರು ನ್ಯಾಯಮೂರ್ತಿಗಳು ಬಂಧಿತರಿಗೆ ಕೋರ್ಟಿನ ಬಾಗಿಲು ಮುಚ್ಚಿದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಅದರಲ್ಲಿ ಅವರು 1948ರ ಮಾನವ ಹಕ್ಕುಗಳ ಘೋಷಣೆಯ 8 ಮತ್ತು 9ನೇ ವಿಧಿಗಳನ್ನು ತೆಗೆದುಕೊಂಡರು. ದೇಶದ ಕಾನೂನಿಗೆ ಎರಡು ಅರ್ಥ ಸಾಧ್ಯವಿದ್ದರೆ ಅಂತರರಾಷ್ಟ್ರೀಯ ಕಾನೂನಿಗೆ ಹೊಂದುವ ಅರ್ಥವನ್ನೇ ಆರಿಸಬೇಕು ಎಂದರು. ಮುಂದಿನ ವರ್ಷ ಅವರ ಸರದಿಯ ಮುಖ್ಯ ನ್ಯಾಯಮೂರ್ತಿ ಸ್ಥಾನ ಕೈತಪ್ಪಿತು, ರಾಜೀನಾಮೆ ಕೊಟ್ಟರು. 2017ರ ಆಗಸ್ಟ್ 24ರಂದು, ಖಾಸಗಿತನದ ಪ್ರಕರಣದಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಬಹುಮತದ ತೀರ್ಪನ್ನು ತಪ್ಪೆಂದು ತಳ್ಳಿಹಾಕಿತು. ಖನ್ನಾ ಅವರ ತೀರ್ಪನ್ನು ದಯವಿಟ್ಟು ಪೂರ್ತಿ ಓದಿ, ಬರೀ ಸಾರಾಂಶ ಓದಬೇಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಮುಖ್ಯ ಅನಿಸುವ ಪ್ರಕರಣ ಮಾತ್ರ ನೀಲಬತಿ ಬೆಹೆರಾ ಅವರದ್ದು. ಒರಿಸ್ಸಾದ ಸುಂದರ್‌ಗಢ ಜಿಲ್ಲೆ. 1987ರ ಡಿಸೆಂಬರ್ 1ರ ಬೆಳಿಗ್ಗೆ ಕಳ್ಳತನದ ತನಿಖೆ ಎಂದು ಅವರ 22 ವರ್ಷದ ಮಗನನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ರಾತ್ರಿ ತಾಯಿ ಹೊರಠಾಣೆಗೆ ಊಟ ತೆಗೆದುಕೊಂಡು ಹೋದರು. ಮಗ ಉಂಡ. ಮಾರನೇ ದಿನ ಮೈತುಂಬ ಗಾಯಗಳಿದ್ದ ಅವನ ಹೆಣ ರೈಲು ಹಳಿಯ ಬಳಿ ಸಿಕ್ಕಿತು. ಅವನು ಕಟ್ಟಿದ್ದ ಹಗ್ಗವನ್ನು ಹಲ್ಲಿನಿಂದ ಕಡಿದುಕೊಂಡು ರಾತ್ರಿ ಮೂರು ಗಂಟೆಗೆ ತಪ್ಪಿಸಿಕೊಂಡ, ರೈಲಿಗೆ ಸಿಕ್ಕು ಸತ್ತ ಎಂಬುದು ಪೊಲೀಸರ ಹೇಳಿಕೆ. ತಾಯಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ರಿಟ್ ಅರ್ಜಿಯಾಗಿ, ಅಂದರೆ ಮೂಲಭೂತ ಹಕ್ಕು ಜಾರಿ ಮಾಡಿ ಎಂದು ನೇರವಾಗಿ ಹಾಕುವ ಅರ್ಜಿಯಾಗಿ ತೆಗೆದುಕೊಂಡು, ಜಿಲ್ಲಾ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು. ಪೊಲೀಸರ ವಶದಲ್ಲಿ ಆದ ಗಾಯಗಳಿಂದಲೇ ಸಾವಾಗಿದೆ ಎಂಬ ವರದಿ ಬಂತು.

ಈಗ ಕಾನೂನಿನ ಪ್ರಶ್ನೆ. ಮೂಲಭೂತ ಹಕ್ಕು ಮುರಿದಿದ್ದಕ್ಕೆ ರಿಟ್ ಅರ್ಜಿಯಲ್ಲೇ ಹಣದ ಪರಿಹಾರ ಕೊಡಬಹುದಾ, ಅಥವಾ ಆ ತಾಯಿ ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಕಾಯಬೇಕಾ? ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯ 5ನೇ ಭಾಗ ಅಕ್ರಮ ಬಂಧನಕ್ಕೆ ಪರಿಹಾರ ಪಡೆಯುವುದು ಹಕ್ಕು ಎನ್ನುತ್ತದೆ. ಆದರೆ ಭಾರತ 1979ರಲ್ಲಿ ಈ ಒಡಂಬಡಿಕೆಗೆ ಸೇರುವಾಗ ಅದೇ ಭಾಗಕ್ಕೆ ತಕರಾರು ದಾಖಲಿಸಿತ್ತು. ನಮ್ಮ ಕಾನೂನಿನಲ್ಲಿ ಸರ್ಕಾರದಿಂದ ಅಂಥ ಪರಿಹಾರ ಪಡೆಯುವ ಹಕ್ಕಿಲ್ಲ ಎಂದು ಬರೆದುಕೊಟ್ಟಿತ್ತು. ಅಂದರೆ ತಾಯಿಗೆ ಬೇಕಿದ್ದ ಸಾಲನ್ನೇ ಸರ್ಕಾರ ಹೊರಗಿಟ್ಟಿತ್ತು.

1993ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆ ಸಾಲನ್ನೇ ಎತ್ತಿಕೊಂಡರು. ಹಕ್ಕನ್ನು ಜಾರಿ ಮಾಡುವುದರಲ್ಲಿ ಪರಿಹಾರವೂ ಸೇರಿದೆ ಎಂಬುದಕ್ಕೆ ಇದು ಆಧಾರ ಎಂದರು. ತಾಯಿಗೆ 1,50,000 ರೂಪಾಯಿ ಕೊಡಿ ಎಂದು ರಾಜ್ಯ ಸರ್ಕಾರಕ್ಕೆ ಆದೇಶವಾಯಿತು. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಚ್ಚಿ ಹೇಳಿತು: ಸರ್ಕಾರದ ಆ ತಕರಾರಿಗೆ ಈಗ ಅರ್ಥ ಉಳಿದಿಲ್ಲ. ಒಂದು ಸರ್ಕಾರ ಅಂತರರಾಷ್ಟ್ರೀಯವಾಗಿ ಕೊಡಲು ನಿರಾಕರಿಸಿದ್ದನ್ನು ಅದೇ ದೇಶದ ಕೋರ್ಟು ತನ್ನ ಸಂವಿಧಾನದೊಳಗಿಂದ ತೆಗೆದುಕೊಟ್ಟಿತು. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹಾಗಂತ ಒಂದೂವರೆ ಲಕ್ಷ ದೊಡ್ಡ ಮೊತ್ತ ಅಂತ ನಾನು ಹೇಳುತ್ತಿಲ್ಲ. ಮಗನನ್ನು ಕಳೆದುಕೊಂಡವರ ಮುಂದೆ ಯಾವ ಮೊತ್ತವೂ ದೊಡ್ಡದಲ್ಲ.

ವಿಶಾಖಾ ಪ್ರಕರಣ ನಿಮಗೆಲ್ಲ ಗೊತ್ತು, ಹಾಗಾಗಿ ಬೇಗ ಹೇಳುತ್ತೇನೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಆಗ ಪ್ರತ್ಯೇಕ ಕಾನೂನೇ ಇರಲಿಲ್ಲ. ಭಾರತ 1993ರಲ್ಲಿ ಸೀಡಾ ಒಪ್ಪಂದ ಅನುಮೋದಿಸಿತ್ತು. 1997ರ ಆಗಸ್ಟ್ 13ರಂದು ಕೋರ್ಟು ಅದನ್ನು ಸಂವಿಧಾನದ 14, 19 ಮತ್ತು 21ನೇ ವಿಧಿಗಳ (ಸಮಾನತೆ, ಸ್ವಾತಂತ್ರ್ಯ, ಜೀವದ ಹಕ್ಕು) ಜೊತೆ ಓದಿ ಮಾರ್ಗಸೂಚಿ ಕೊಟ್ಟಿತು, ಕಾನೂನು ಬರುವ ತನಕ ಇದೇ ಕಾನೂನು ಎಂದಿತು. ಕಾನೂನು ಬಂದದ್ದು 2013ರಲ್ಲಿ. ಹದಿನಾರು ವರ್ಷ! ನಡುವೆ 2012ರಲ್ಲಿ, ಎಷ್ಟೋ ಕಡೆ ಮಾರ್ಗಸೂಚಿ ಜಾರಿಯೇ ಆಗಿಲ್ಲ ಎಂದು ಸುಪ್ರೀಂ ಕೋರ್ಟೇ ಬೇಸರಪಟ್ಟು ಮತ್ತೆ ಆದೇಶ ಮಾಡಬೇಕಾಯಿತು. ಇನ್ನೊಂದು ಮಾತು ನಾವು ಮರೆಯುತ್ತೇವೆ. ಈ ಅರ್ಜಿಗೆ ಕಾರಣವಾದದ್ದು ಬಾಲ್ಯವಿವಾಹ ತಡೆಯಲು ಹೋದ ರಾಜಸ್ಥಾನದ ಒಬ್ಬ ಸರ್ಕಾರಿ ಕಾರ್ಯಕರ್ತೆಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರ. ವಿಚಾರಣಾ ನ್ಯಾಯಾಲಯ 1995ರಲ್ಲೇ ಆ ಆರೋಪದಿಂದ ಎಲ್ಲರನ್ನೂ ಬಿಡುಗಡೆ ಮಾಡಿತ್ತು. ಆಕೆಯ ನೋವಿನಿಂದ ಹುಟ್ಟಿದ ತೀರ್ಪು ಲಕ್ಷಾಂತರ ಹೆಣ್ಣುಮಕ್ಕಳಿಗೆ ಆಸರೆಯಾಯಿತು. ಆಕೆಗೇ ಏನು ಸಿಕ್ಕಿತು ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಕೋರ್ಟುಗಳು ಕೈಚೆಲ್ಲಿದ ಪ್ರಕರಣಗಳನ್ನೂ ಹೇಳಬೇಕು. ಶ್ರೀಲಂಕಾದ ಸಿಂಗರಾಸ ಪ್ರಕರಣ ನೋಡಿ. ತಮಿಳು ಮಾತ್ರ ಬಲ್ಲ ವ್ಯಕ್ತಿ, ಸಿಂಹಳದಲ್ಲಿ ಬರೆದ ತಪ್ಪೊಪ್ಪಿಗೆಗೆ ಹೆಬ್ಬೆಟ್ಟು. ಹಿಂಸೆ ಕೊಟ್ಟು ಒತ್ತಿಸಿಕೊಂಡರು ಎಂದು ಅವರು ಹೇಳಿದರು. ಅದನ್ನು ಸಾಬೀತು ಮಾಡುವ ಹೊಣೆಯನ್ನೂ ಅವರ ಮೇಲೇ ಹಾಕಲಾಯಿತು. ಇದು ನ್ಯಾಯಯುತ ವಿಚಾರಣೆಯಲ್ಲ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2004ರಲ್ಲಿ ಹೇಳಿತು. ಅದನ್ನು ಹಿಡಿದುಕೊಂಡು ತನ್ನ ದೇಶದ ಸುಪ್ರೀಂ ಕೋರ್ಟಿಗೆ ಹೋದರೆ, 2006ರಲ್ಲಿ ಕೋರ್ಟು ಅರ್ಜಿ ತಳ್ಳಿತು. ದೂರು ವ್ಯವಸ್ಥೆಗೆ ದೇಶ ಸೇರಿಕೊಂಡಿದ್ದೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಸ್ಪೇನ್‌ನ ತಾಯಿ ಮತ್ತು ಈ ವ್ಯಕ್ತಿ, ಇಬ್ಬರ ಕೈಯಲ್ಲೂ ಇದ್ದದ್ದು ವಿಶ್ವಸಂಸ್ಥೆಯ ಸಮಿತಿಯ ತೀರ್ಮಾನವೇ. ಕೊನೆಯ ಪುಟಗಳು ಮಾತ್ರ ಬೇರೆ ಬೇರೆ.

ಭಾರತದಲ್ಲೂ 2021ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ಜನರ ಗಡೀಪಾರು ತಡೆಯಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾರ್ಯವಿಧಾನ ಪಾಲಿಸದೆ ಕಳಿಸಬೇಡಿ ಎಂದಷ್ಟೇ ಹೇಳಿತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿಜ. ಆದರೆ ಜೀವಕ್ಕೆ ಅಪಾಯವಿರುವ ಕಡೆಗೆ ಯಾರನ್ನೂ ಮರಳಿ ತಳ್ಳಬಾರದು ಎಂಬ ನಿಯಮವನ್ನು 21ನೇ ವಿಧಿಯೊಳಗೇ ಕಂಡ ಹೈಕೋರ್ಟು ತೀರ್ಪುಗಳು ಈ ದೇಶದಲ್ಲಿವೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ ಸೇರಿದೆ. ನನ್ನ ಪ್ರಕಾರ ಅಲ್ಲಿ ಕೋರ್ಟು ಇನ್ನೂ ಮುಂದೆ ಹೋಗಬೇಕಿತ್ತು.

ಒಂದು ಆಕ್ಷೇಪ ಯಾವಾಗಲೂ ಬರುತ್ತದೆ, ಅದರಲ್ಲಿ ಹುರುಳಿದೆ. ಒಪ್ಪಂದಕ್ಕೆ ಸೇರುವುದು ಸರ್ಕಾರ, ಎಷ್ಟೋ ಸಲ ಸಂಸತ್ತನ್ನು ಕೇಳುವುದೂ ಇಲ್ಲ. ಅದನ್ನು ಕೋರ್ಟು ಕಾನೂನಿನಂತೆ ಬಳಸಿದರೆ ಜನರು ಆರಿಸಿದ ಸಂಸತ್ತಿಗೆ ಬೆಲೆ ಏನು ಬಂತು? ನನ್ನ ಉತ್ತರ ಇದು. ಸಂಸತ್ತು ಸ್ಪಷ್ಟವಾಗಿ ಬೇಡ ಎಂದರೆ ಕೋರ್ಟು ಬೇಕು ಎನ್ನಲಾಗದು ಎಂಬುದು ಭಾರತದಲ್ಲಿ 1984ರಿಂದಲೂ ಒಪ್ಪಿತ ನಿಯಮ. ವಿಶಾಖಾ ಮಾರ್ಗಸೂಚಿಯನ್ನು ಸಂಸತ್ತು ಮಾರನೇ ದಿನವೇ ಬದಲಿಸಬಹುದಿತ್ತು. ಕೋರ್ಟು ತುಂಬುವುದು ಖಾಲಿ ಜಾಗವನ್ನು, ಕಿತ್ತುಹಾಕುವುದು ಸಂಸತ್ತಿನ ಮಾತನ್ನಲ್ಲ. ಮತ್ತೆ ಒಪ್ಪಂದ ಹೊರಗಿನವರು ಹೇರಿದ್ದೂ ಅಲ್ಲ. ಜಗತ್ತಿನ ಮುಂದೆ ನಿಂತು ನಮ್ಮ ಸರ್ಕಾರವೇ ಕೊಟ್ಟ ಮಾತು. ಆ ಮಾತನ್ನು ತನ್ನ ಜನರ ಮುಂದೆ ನೆನಪಿಸಿದರೆ ತಪ್ಪೇನು?

ಕಿರಿಯ ವಕೀಲರಿಗೆ ಒಂದೆರಡು ಕೆಲಸದ ಮಾತು. ಒಪ್ಪಂದದ ಹೆಸರನ್ನು ಅಲಂಕಾರಕ್ಕೆ ಹಾಕಬೇಡಿ. ದೇಶ ಅದಕ್ಕೆ ಯಾವಾಗ ಸೇರಿತು, ಸಹಿ ಮಾತ್ರವೋ ಅನುಮೋದನೆಯೂ ಆಗಿದೆಯೋ, ತಕರಾರು ಇದೆಯೋ ನೋಡಿ. ಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ. ಇದು ಗೊತ್ತಿಲ್ಲದೆ ವಾದಿಸಿದರೆ ಎದುರು ವಕೀಲರು ಒಂದೇ ನಿಮಿಷದಲ್ಲಿ ಕೂರಿಸುತ್ತಾರೆ. ದೇಶದ ಯಾವ ಸೆಕ್ಷನ್‌ನ ಯಾವ ಪದಕ್ಕೆ ಎರಡು ಅರ್ಥವಿದೆ ಎಂದು ಬೆರಳಿಟ್ಟು ತೋರಿಸಿ. 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪು ಇದಕ್ಕೆ ಮಾದರಿ. ಸಾಲ ತೀರಿಸದವರನ್ನು ಜೈಲಿಗೆ ಕಳಿಸುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಸೆಕ್ಷನ್ ಅಲ್ಲಿ ಎದುರಿಗಿತ್ತು. ಸಾಲ ತೀರಿಸಲಾಗದ ಕಾರಣಕ್ಕೇ ಜೈಲಿಗೆ ಹಾಕಬಾರದು ಎನ್ನುವ ಒಪ್ಪಂದ ತಾನಾಗಿ ಕಾನೂನಾಗದು ಎಂದು ಒಪ್ಪಿಕೊಂಡೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮುಂದೆ ಹೋದರು. ಸಾಲಗಾರನಿಗೆ ಹಿಂದೆ ಹಣವಿತ್ತು ಎಂದ ಮಾತ್ರಕ್ಕೆ ಜೈಲಿಲ್ಲ, ಕೊಡುವ ಶಕ್ತಿ ಇದ್ದೂ ಕೆಟ್ಟ ಬುದ್ಧಿಯಿಂದ ಕೊಡದಿದ್ದರೆ ಮಾತ್ರ ಎಂದು ಆ ಸೆಕ್ಷನ್ ಅನ್ನು ಓದಿದರು. ಇನ್ನೂ ಮುಖ್ಯವಾದದ್ದು, ನಿಮಗೆ ಏನು ಆದೇಶ ಬೇಕು ಅನ್ನುವುದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಎಷ್ಟು ಹಣ, ಯಾರು ಕೊಡಬೇಕು, ಎಷ್ಟು ದಿನದೊಳಗೆ, ಯಾರು ವರದಿ ಒಪ್ಪಿಸಬೇಕು. ನೀವು ಕೇಳದಿದ್ದನ್ನು ಕೋರ್ಟು ಕೊಡುವುದು ಅಪರೂಪ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದರು: “ಇದೆಲ್ಲ ಸುಪ್ರೀಂ ಕೋರ್ಟಿನ ವಿಷಯ ಅಲ್ವಾ ಸರ್? ಕೆಳಗಿನ ಕೋರ್ಟಿನಲ್ಲಿ ಇಂಥ ವಾದ ಯಾರು ಕೇಳುತ್ತಾರೆ?”

ಒಂದು ತಾಂಜಾನಿಯಾದ ಪ್ರಕರಣ ಹೇಳಿದೆ. ಅಪ್ಪ ಉಯಿಲು ಬರೆದು ಕೊಟ್ಟಿದ್ದ ಜಮೀನನ್ನು ಒಬ್ಬ ಮಹಿಳೆ 1988ರಲ್ಲಿ ಕುಲದ ಹೊರಗಿನವರಿಗೆ ಮಾರಿದರು. ಹಾಯಾ ಜನಾಂಗದ ಸಂಪ್ರದಾಯದಲ್ಲಿ ಗಂಡಸು ಕುಲದ ಜಮೀನು ಮಾರಬಹುದಿತ್ತು, ಹೆಂಗಸು ಮಾರುವ ಹಾಗಿರಲಿಲ್ಲ. ಸಂಬಂಧಿಕನೊಬ್ಬ ಪ್ರಾಥಮಿಕ ನ್ಯಾಯಾಲಯಕ್ಕೆ ಹೋದ, ಮಾರಾಟ ರದ್ದಾಯಿತು. ಮಹಿಳೆ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಸಂವಿಧಾನದ ಹಕ್ಕುಗಳ ಅಧ್ಯಾಯ ಬಂದ ಮೇಲೆ ಈ ಭೇದ ನಿಲ್ಲುವುದಿಲ್ಲ ಎಂದು ಜಿಲ್ಲಾ ನ್ಯಾಯಾಲಯ ಹೇಳಿತು. 1990ರಲ್ಲಿ ಮುವಾಂಜಾದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಮ್ವಾಲುಸಾನ್ಯಾ ಅವರು ಮಾನವ ಹಕ್ಕುಗಳ ಘೋಷಣೆ, ಸೀಡಾ, ಆಫ್ರಿಕಾದ ಸನ್ನದು ಎಲ್ಲವನ್ನೂ ಆಧಾರವಾಗಿ ಹಿಡಿದು ಮಾರಾಟವನ್ನು ಎತ್ತಿಹಿಡಿದರು. ಕುಲದ ಜಮೀನು ಮಾರುವ ವಿಷಯದಲ್ಲಿ ಗಂಡಿಗಿರುವ ನಿಯಮವೇ ಹೆಣ್ಣಿಗೂ ಎಂದರು. ಆದರೆ ಆ ಮಹಿಳೆಗೆ ಮೊದಲು ಗೆಲುವು ಕೊಟ್ಟದ್ದು ಜಿಲ್ಲಾ ನ್ಯಾಯಾಲಯ.